ಸಾಹಿತ್ಯ ಕೇಳಿಸುತ್ತಿಲ್ಲ, ಸ್ಪೀಕರ್ ಕೆಳಗಿಳಿಸಿ

ಕನ್ನಡದಲ್ಲಿ ಹಾಡಿನ ಮಾತಿಗೂ ಸಾಹಿತ್ಯ ಎಂದೇ ಹೆಸರು. ಭಾವಗೀತೆ ನಿಂತಿರುವುದೇ ಅದರ ಮೇಲೆ. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಇವರೆಲ್ಲ ಕವಿಯ ಮಾತನ್ನು ಪುಸ್ತಕದಿಂದ ಮನೆಯೊಳಕ್ಕೆ ತಂದರು. ಆ ಮನೆಗಳಲ್ಲಿ ಇವತ್ತು ರಾಗ ಕೇಳಿಸುತ್ತದೆ, ತಬಲಾ ಕೇಳಿಸುತ್ತದೆ, ಮಾತು ಮಾತ್ರ ಕಲಸಿಹೋಗುತ್ತದೆ. ಇದಕ್ಕೆ ಯಂತ್ರಕ್ಕಿಂತ ಅದನ್ನು ಇಟ್ಟ ಜಾಗವೇ ಹೆಚ್ಚು ಕಾರಣ ಎಂಬುದು ನನ್ನ ತಕರಾರು.

ನಮ್ಮ ಹಾಲ್‌ಗಳನ್ನೇ ನೋಡಿ. ಒಂದು ಸ್ಪೀಕರ್ ಶೋಕೇಸಿನ ಗೊಂಬೆಗಳ ನಡುವೆ, ಇನ್ನೊಂದು ಬೀರುವಿನ ಮೇಲೆ ಸೂಟ್‌ಕೇಸಿನ ಪಕ್ಕ, ಸಬ್‌ವೂಫರ್ ಸೋಫಾದ ಹಿಂದಿನ ಮೂಲೆಯಲ್ಲಿ. ಕೊಳ್ಳುವಾಗ ಎಷ್ಟು ವ್ಯಾಟ್ ಎಂದು ಕೇಳುತ್ತೇವೆ, ಇಡುವಾಗ ಪ್ಲಗ್ ಎಲ್ಲಿದೆ ಎಂದು ಹುಡುಕುತ್ತೇವೆ. ಕೇಳುವವರ ಕಿವಿ ಎಲ್ಲಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಮುದ್ರಣದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋದರೆ ಸಂಪಾದಕರಿಗೆ ಪತ್ರ ಬರೆಯುವ ನಾವೇ, ಇಡೀ ಪದ ನುಂಗಿಹೋದರೂ ತಲೆದೂಗುತ್ತಾ ಕೂರುತ್ತೇವೆ.

ಮಾತಿನ ಸ್ಪಷ್ಟತೆ ಬಹುಮಟ್ಟಿಗೆ ವ್ಯಂಜನಗಳಲ್ಲಿದೆ. ಸ, ಶ, ತ, ಟಗಳ ಭೇದ ಹೆಚ್ಚಾಗಿ 2000 ಹರ್ಟ್ಸ್‌ಗಿಂತ ಮೇಲಿನ ಧ್ವನಿಯಲ್ಲಿರುತ್ತದೆ. ಇಂಥ ಎತ್ತರದ ಧ್ವನಿ ಟಾರ್ಚ್ ಬೆಳಕಿನಂತೆ ಮುಂದಕ್ಕೆ ಹೋಗುತ್ತದೆ. ಅಡ್ಡ ಬಂದ ಗೊಂಬೆಯೇ ಅದನ್ನು ತಡೆಯಬಲ್ಲದು. ಬೀರುವಿನ ಮೇಲಿಟ್ಟ ಸ್ಪೀಕರ್ ಫ್ಯಾನಿಗೆ ಹಾಡುತ್ತದೆ, ನಮಗಲ್ಲ. ಇತ್ತ ಕೆಳಗಿನ ಧ್ವನಿ ಗೋಡೆಗೆ ಹತ್ತಿರವಾದಷ್ಟೂ ಉಬ್ಬುತ್ತದೆ. ಮೂಲೆಯಲ್ಲಿ ಎರಡು ಗೋಡೆಗಳ ಜತೆ ನೆಲವೂ ಸೇರುತ್ತದೆ. ಎದುರುಬದುರು ಗೋಡೆಗಳ ನಡುವೆ 3.4 ಮೀಟರ್ ಇದ್ದರೆ ಸುಮಾರು 50 ಹರ್ಟ್ಸ್‌ನ ಧ್ವನಿಗೆ ಕೋಣೆಯೇ ಮೊರೆಯುತ್ತದೆ. ಆ ಮೊರೆತದಲ್ಲಿ ಅಳಿದುಳಿದ ಅಕ್ಷರವೂ ಮುಳುಗುತ್ತದೆ.

ಪರಿಹಾರ ಹಳೆಯದು. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಸ್ಟೀರಿಯೋ ಧ್ವನಿಮುದ್ರಣದ ಪೇಟೆಂಟಿಗೆ ಅರ್ಜಿ ಹಾಕಿದ್ದು 1931ರಲ್ಲಿ. ಎರಡು ಸ್ಪೀಕರ್ ಮತ್ತು ಕೇಳುಗ ಸೇರಿ ಸಮಬಾಹು ತ್ರಿಕೋನವಾಗಬೇಕು, ಟ್ವೀಟರ್ ಕಿವಿಯ ಮಟ್ಟದಲ್ಲಿರಬೇಕು, ಹಿಂದಿನ ಗೋಡೆಯಿಂದ ಅರ್ಧ ಮೀಟರಾದರೂ ಮುಂದಿರಲಿ. ಸರೌಂಡ್‌ಗೂ ಲೆಕ್ಕವಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ 5.1ರಲ್ಲಿ ಮಧ್ಯದ್ದು ನೇರ ಎದುರಿಗೆ, ಮುಂದಿನ ಎರಡು 30 ಡಿಗ್ರಿಗೆ, ಉಳಿದೆರಡು 100ರಿಂದ 120 ಡಿಗ್ರಿಗೆ, ಅಂದರೆ ಪಕ್ಕದಿಂದ ಸ್ವಲ್ಪ ಹಿಂದಕ್ಕೆ ಇರಬೇಕು. ಸೋಫಾ ಗೋಡೆಗೆ ಆತುಕೊಂಡಿರುವ ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯಲ್ಲಿ ಆ 'ಸ್ವಲ್ಪ ಹಿಂದೆ' ಎಂಬ ಜಾಗವೇ ಇರುವುದಿಲ್ಲ. ಅಲ್ಲಿಗೆ ಐದು ಪೆಟ್ಟಿಗೆ ಮಾರುವುದು ವ್ಯಾಪಾರ, ಅಷ್ಟೆ. ಸರಿಯಾಗಿ ಇಟ್ಟ ಎರಡು ಸಾಕು.

ಇದೆಲ್ಲ ಉಳ್ಳವರ ಶೋಕಿ ಎನ್ನುವವರಿದ್ದಾರೆ. ಬೇಕಾಗಿರುವುದು ಎರಡು ಸ್ಟೂಲು, ಒಂದು ಅಳತೆಯ ಟೇಪು, ಭಾನುವಾರದ ಅರ್ಧ ಗಂಟೆ. ದುಡ್ಡು ಬೇಕಾಗುವುದು ಜಾಗ ಬದಲಿಸದೆ ಪೆಟ್ಟಿಗೆಯನ್ನೇ ಬದಲಿಸುವವರಿಗೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ತ್ರಿಕೋನದ ತುದಿಯಲ್ಲಿ ಒಬ್ಬರೇ ಕೂರಬಹುದು, ಮನೆಯಲ್ಲಿ ಐವರಿದ್ದಾರೆ. ನಿಜ. ಆದರೆ ಆ ಕುರ್ಚಿಯಲ್ಲಿ ಸಿಗುವ ಹೆಚ್ಚುವರಿ ಲಾಭವೆಂದರೆ ವಾದ್ಯಗಳು ಎಡಬಲಕ್ಕೆ ಹರಡಿದ ಚಿತ್ರ. ಸ್ಪೀಕರನ್ನು ಕಿವಿಯ ಮಟ್ಟಕ್ಕಿಳಿಸಿ ಮೂಲೆಯಿಂದ ಹೊರಗೆಳೆದರೆ ಮಾತು ಐವರಿಗೂ ತಿಳಿಯಾಗುತ್ತದೆ.

ಆ ಐವರಲ್ಲಿ ಒಬ್ಬರು ಅಜ್ಜಿಯೋ ತಾತನೋ ಇರುತ್ತಾರೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಧ್ವನಿಯನ್ನೇ. ನಮಗೆ ಹೇಗೋ ಅಂದಾಜಾಗುವ ಅಕ್ಷರ ಅವರಿಗೆ ಪೂರ್ತಿ ಇಲ್ಲವಾಗುತ್ತದೆ. ವಾಲ್ಯೂಮ್ ಏರಿಸಿದರೆ ಮೊರೆತವೂ ಏರುತ್ತದೆ. ಅವರು "ಸಾಕು ನಿಲ್ಲಿಸಪ್ಪಾ" ಎಂದು ಎದ್ದು ಒಳಗೆ ಹೋಗುತ್ತಾರೆ. ನಾವು ಅವರಿಗೆ ಕಿವಿ ಮಂದ ಎನ್ನುತ್ತೇವೆ. ಆ ಪದ್ಯಗಳನ್ನು ಬಾಯಿಪಾಠ ಕಲಿತ ಪೀಳಿಗೆ ಅದು. ಹಾಗೆನ್ನುವ ಮೊದಲು ಸ್ಪೀಕರನ್ನು ಬೀರುವಿನಿಂದ ಇಳಿಸಿ, ಅವರು ದಿನಾ ಕೂರುವ ಕುರ್ಚಿಯ ಕಡೆಗೆ ತಿರುಗಿಸಿ.