ಹೊಗೆಯೊಂದನ್ನು ಬಿಟ್ಟು ಎಲ್ಲವನ್ನೂ ಅಳೆಯುವ ತೆರಿಗೆ

ನಮ್ಮ ದೇಶದಲ್ಲಿ ಒಂದು ಕಾರಿಗೆ ಎಷ್ಟು ತೆರಿಗೆ ಎಂದು ನಿರ್ಧರಿಸಲು ದರ್ಜಿಯ ಟೇಪೊಂದಿದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಮುಂದಿನ ಬಂಪರಿನಿಂದ ಹಿಂದಿನ ಬಂಪರಿನವರೆಗೆ ಉದ್ದ 4,000 ಮಿಲಿಮೀಟರ್ ಮೀರಬಾರದು. ಎಂಜಿನ್ನು ಪೆಟ್ರೋಲಿನದಾದರೆ 1,200 ಸಿಸಿ, ಡೀಸೆಲಿನದಾದರೆ 1,500 ಸಿಸಿ ಮೀರಬಾರದು. ಇಷ್ಟರೊಳಗೆ ಇದ್ದರೆ ಅದು 'ಚಿಕ್ಕ ಕಾರು'. 2006ರ ಬಜೆಟ್ಟಿನಲ್ಲಿ ಚಿಕ್ಕ ಕಾರಿನ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದಾಗ ಎಳೆದ ಗೆರೆ ಇದು. ಸುಂಕ ಹೋಗಿ 2017ರಲ್ಲಿ ಜಿಎಸ್‌ಟಿ ಬಂತು, ಅದರ ತಲೆಯ ಮೇಲೆ ಸೆಸ್ ಕುಳಿತಿತು, 2025ರ ಸೆಪ್ಟೆಂಬರ್ 22ರಂದು ಸೆಸ್ಸೂ ಇಳಿದುಹೋಯಿತು. ಗೆರೆ ಮಾತ್ರ ಅಲ್ಲಾಡಲಿಲ್ಲ. ಈಗ ಗೆರೆಯ ಈಚೆಗೆ ಶೇ. 18, ಆಚೆಗೆ ಶೇ. 40. ವಿದ್ಯುತ್ ಕಾರಿಗೆ ಶೇ. 5 ಎಂಬುದನ್ನು ಬಿಟ್ಟರೆ, ಗಾಡಿಯ ಹಿಂದಿನ ಕೊಳವೆಯಿಂದ ಏನು ಹೊರಬರುತ್ತದೆ, ಎಷ್ಟು ಹೊರಬರುತ್ತದೆ ಎಂದು ಈ ತೆರಿಗೆ ಕೇಳುವುದೇ ಇಲ್ಲ.

ಕೇಂದ್ರ ಸರ್ಕಾರದ ಗುಮಾಸ್ತನಾದವನು ಸರ್ಕಾರದ ನೀತಿಯನ್ನು ಪತ್ರಿಕೆಯಲ್ಲಿ ಟೀಕಿಸಬಾರದೆಂದು ನಮ್ಮ ನಡತೆ ನಿಯಮಗಳಲ್ಲಿದೆ. ನಾನು ಟೀಕಿಸುತ್ತಿಲ್ಲ. ಬಿ.ಎಸ್‌ಸಿ. ಓದಿದವನಾದ್ದರಿಂದ ಲೆಕ್ಕ ಮಾಡುತ್ತಿದ್ದೇನೆ, ಅಷ್ಟೆ.

2024ರ ದಸರೆಗೆ ಮುಂಚೆ, ಗುರುಗ್ರಾಮದಲ್ಲಿ ಕೆಲಸದಲ್ಲಿರುವ ನಮ್ಮ ಅಕ್ಕನ ಮಗ ಕಾರು ಕೊಳ್ಳಲು ಹೊರಟಿದ್ದ. ಹುಡುಗನ ಕಣ್ಣು ಎರಡು ಗಾಡಿಗಳ ಮೇಲೆ: ಹ್ಯುಂಡೈಯವರ ಐ20 ಎನ್ ಲೈನ್, ಟಾಟಾದವರ ಆಲ್ಟ್ರೋಜ್ ರೇಸರ್. "ಮಾವ, ಎರಡೂ 120 ಕುದುರೆ ಶಕ್ತಿ. ಒಂದು 998 ಸಿಸಿ, ಇನ್ನೊಂದು 1,199. ಐ20ಯಲ್ಲಿ ಕೈಗೇರೂ ಉಂಟು, ತಾನೇ ಗೇರು ಬದಲಿಸುವುದೂ ಉಂಟು. ರೇಸರಿನಲ್ಲಿ ಕೈಗೇರು ಮಾತ್ರ. ಯಾವುದು ವಾಸಿ?" ಎಂದು ಕೇಳಿದ. ನನಗೆ ಗೇರಿನ ಗೊಡವೆ ಬೇಡವಾಗಿತ್ತು. ತೆರಿಗೆ ಎಷ್ಟಪ್ಪಾ ಎಂದೆ. "ಎರಡಕ್ಕೂ ಒಂದೇ ಮಾವ, 28ರ ಮೇಲೆ ಒಂದು ಸೆಸ್." ಹಾಗಾದರೆ ಮನೆಮಂದಿ ಕೂತು ಮೆಲ್ಲಗೆ ಹೋಗುವ ಸಾದಾ ಬಲೆನೋಗೆ? "ಅದಕ್ಕೂ ಅಷ್ಟೇ." ಹುಡುಗನ ಪ್ರಶ್ನೆ ನಿಜವಾದದ್ದು, ಅದರಲ್ಲಿ ತಪ್ಪಿಲ್ಲ. ಆದರೆ ಮೂರು ಗಾಡಿಗಳನ್ನು ತೂಗುವಾಗ ಸರ್ಕಾರದ ಕಡೆಯಿಂದ ಅವನ ತಕ್ಕಡಿಗೆ ಒಂದು ಗುಂಜಿಯ ತೂಕವೂ ಬೀಳಲಿಲ್ಲವಲ್ಲ, ಅದು ನನ್ನ ತಕರಾರು.

ಎಂಜಿನ್ನಿನ ಗಾತ್ರ ನೋಡಿ ತೆರಿಗೆ ಹಾಕುವುದಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು. 1,089 ಸಿಸಿಯ ಪದ್ಮಿನಿ ಕಾರಿಗೆ ಸುಮಾರು 40 ಕುದುರೆ ಶಕ್ತಿ. ದೊಡ್ಡ ಎಂಜಿನ್ನೆಂದರೆ ಹೆಚ್ಚು ಶಕ್ತಿ, ಹೆಚ್ಚು ಪೆಟ್ರೋಲು, ಹೆಚ್ಚು ಹೊಗೆ. ಟರ್ಬೊ ಬಂದ ಮೇಲೆ ಆ ಲೆಕ್ಕ ಕೆಟ್ಟಿತು. ಹೊರಹೋಗುವ ಬಿಸಿಗಾಳಿಯಿಂದಲೇ ಒಂದು ಚಕ್ರ ತಿರುಗಿಸಿ, ಒಳಕ್ಕೆ ಇನ್ನಷ್ಟು ಗಾಳಿ ತುರುಕಿ, 998 ಸಿಸಿಯಿಂದಲೇ 120 ಕುದುರೆ ತೆಗೆಯುತ್ತಾರೆ. 2015ರಲ್ಲಿ ಬಂದ ಫಿಯಟ್ ಅಬಾರ್ತ್ ಪುಂಟೊ ಉದ್ದದಲ್ಲಿ ನಾಲ್ಕು ಮೀಟರಿನೊಳಗೇ ಇತ್ತು. ಎಂಜಿನ್ನು 1,368 ಸಿಸಿ ಇದ್ದ ಒಂದೇ ಕಾರಣಕ್ಕೆ ಚಿಕ್ಕ ಕಾರಿನ ಸುಂಕ ಅದಕ್ಕೆ ದಕ್ಕಲಿಲ್ಲ. ಮಿಕ್ಕ ತಯಾರಕರು ಪಾಠ ಕಲಿತರು. ಗೆರೆಯೊಳಗೆ ಕುಳಿತುಕೊಂಡೇ ಓಡುವುದು ಹೇಗೆಂಬ ಪಾಠ.

ಈಗ ಲೆಕ್ಕಕ್ಕೆ ಬರೋಣ. ಒಂದು ಲೀಟರ್ ಪೆಟ್ರೋಲು ಸುಮಾರು 750 ಗ್ರಾಂ ತೂಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ 645 ಗ್ರಾಂ ಇಂಗಾಲ. 12 ಗ್ರಾಂ ಇಂಗಾಲ ಉರಿದರೆ 44 ಗ್ರಾಂ ಇಂಗಾಲದ ಡೈ ಆಕ್ಸೈಡ್. ಅಂದರೆ ಲೀಟರಿಗೆ ಸುಮಾರು 2,350 ಗ್ರಾಂ. ಇದನ್ನು ಮೈಲೇಜಿನಿಂದ ಭಾಗಿಸಿದರೆ ಕಿಲೋಮೀಟರಿಗೆ ಎಷ್ಟು ಗ್ರಾಂ ಎಂಬುದು ಮನೆಯಲ್ಲೇ ಸಿಗುತ್ತದೆ. ಐ20 ಎನ್ ಲೈನ್ ಲೀಟರಿಗೆ 20 ಕಿಲೋಮೀಟರ್ ಓಡುತ್ತದೆಂದು ಕಂಪನಿಯ ಹೇಳಿಕೆ: ಸುಮಾರು 118 ಗ್ರಾಂ. ಬಲೆನೋ 22ರ ಮೇಲೆ: 105ರ ಸುತ್ತ. ಸೆಲೇರಿಯೊ 25ರ ಮೇಲೆ: 94ಕ್ಕಿಂತ ಕಡಿಮೆ. ಇನ್ನು ಪೆಟ್ರೋಲು-ವಿದ್ಯುತ್ತು ಎರಡರಲ್ಲೂ ಓಡುವ ಹೈಬ್ರಿಡ್ ಗ್ರ್ಯಾಂಡ್ ವಿಟಾರಾ ಸುಮಾರು 28 ಕೊಡುತ್ತದೆಂದು ಹೇಳಿಕೆ: 84 ಗ್ರಾಂ. ಇವೆಲ್ಲ ಪರೀಕ್ಷಾಲಯದ ಅಂಕಿಗಳು, ರಿಂಗ್ ರೋಡಿನ ಸಂಜೆಯ ಜಾತ್ರೆಯಲ್ಲಿ ಯಾವುದೂ ನಿಲ್ಲುವುದಿಲ್ಲ. ಆದರೂ ಒಂದೇ ಅಳತೆಗೋಲಿನಲ್ಲಿ ಅಳೆದವು.

84 ಗ್ರಾಮಿನ ಆ ಹೈಬ್ರಿಡ್ಡು ಉದ್ದದಲ್ಲಿ 4,345 ಮಿಲಿಮೀಟರ್, ಎಂಜಿನ್ನಿನಲ್ಲಿ 1,490 ಸಿಸಿ. ಆದ್ದರಿಂದ ಅದು ಗೆರೆಯ ಆಚೆ. 2025ಕ್ಕೆ ಮುಂಚೆ ಅದಕ್ಕೆ ಶೇ. 43, ಓಟದ ಕಾರಿಗೆ ಶೇ. 29, ಅಂತರ 14. ಸುಧಾರಣೆಯಾದ ಮೇಲೆ ಹೈಬ್ರಿಡ್ಡಿಗೆ 40, ಓಟದ ಕಾರಿಗೆ 18, ಅಂತರ 22. ಕಡಿಮೆ ಹೊಗೆಯ ಕಾರಿಗೂ ಹೆಚ್ಚು ಹೊಗೆಯ ಕಾರಿಗೂ ನಡುವಿನ ಕಂದಕವನ್ನು ಸುಧಾರಣೆಯೇ ಅಗಲಮಾಡಿತು! ಇಷ್ಟೇ ಅಲ್ಲ. ಬೆಟ್ಟ ಹತ್ತಲೆಂದು ಹುಟ್ಟಿದ ಥಾರ್ ಜೀಪಿಗೆ 2023ರಲ್ಲಿ 1,497 ಸಿಸಿಯ ಡೀಸೆಲ್ ಎಂಜಿನ್ನು ಕೂರಿಸಿದರು. ಮೂರು ಬಾಗಿಲಿನ ಆ ಗಾಡಿಯ ಉದ್ದ ನಾಲ್ಕು ಮೀಟರಿಗೆ ಬೆರಳಗಲ ಕಡಿಮೆ. ಕಾಗದದ ಮೇಲೆ ಅದೂ 'ಚಿಕ್ಕ ಕಾರು'.

ಟೇಪು ಹಿಡಿದರೆ ಕತ್ತರಿ ತಾನಾಗಿ ಬರುತ್ತದೆ. 2008ರಲ್ಲಿ 4,160 ಮಿಲಿಮೀಟರ್ ಇದ್ದ ಡಿಜೈರ್ 2012ರಲ್ಲಿ ಡಿಕ್ಕಿ ಕತ್ತರಿಸಿಕೊಂಡು 3,995 ಆಯಿತು. ಊರಿಗೆ ಹೋಗುವಾಗ ಉಪ್ಪಿನಕಾಯಿ ಭರಣಿ ಇಡುವ ಜಾಗ ಹೋಯಿತು, ಹೊಗೆ ಇದ್ದಲ್ಲೇ ಇತ್ತು. 2015ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ದೆಹಲಿ ಸುತ್ತಮುತ್ತ 2,000 ಸಿಸಿ ಹಾಗೂ ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿ ತಡೆಯಿತು. ತಿಂಗಳೆರಡು ಕಳೆಯುವುದರೊಳಗೆ ಮಹೀಂದ್ರಾದವರು ತಮ್ಮ 2,179 ಸಿಸಿಯ ಎಂಜಿನ್ನನ್ನು 1,990ಕ್ಕೆ ಇಳಿಸಿ ಮಾರಾಟಕ್ಕೆ ತಂದರು. ಅವರನ್ನು ದೂರುವುದೇಕೆ? ಅಂಗಳದಲ್ಲಿ ಗೆರೆ ಹಾಕಿ ಕುಂಟೆಬಿಲ್ಲೆ ಆಡಿಸಿದರೆ ಆಡುವವರು ಗೆರೆ ನೋಡಿಯೇ ಕಾಲಿಡುತ್ತಾರೆ.

ರಾಜ್ಯಗಳ ರಸ್ತೆ ತೆರಿಗೆಯೂ ಇದೇ ಜಾಯಮಾನದ್ದು. ದೆಹಲಿಯಾಗಲಿ ಬೆಂಗಳೂರಾಗಲಿ ಮುಖ್ಯವಾಗಿ ನೋಡುವುದು ಕಾರಿನ ಬೆಲೆಯನ್ನು. ನಮ್ಮಂಥ ವರ್ಗಾವಣೆಯ ಜನಕ್ಕೆ 2021ರಲ್ಲಿ ಬಂದ ಬಿಎಚ್ ಸರಣಿ ದೊಡ್ಡ ಉಪಕಾರ ಮಾಡಿದೆ, ಇಲ್ಲವೆನ್ನಲಾರೆ. ಅಲ್ಲಿ ಡೀಸೆಲ್ಲಿಗೆ ಶೇ. 2 ಹೆಚ್ಚು, ವಿದ್ಯುತ್ತಿಗೆ ಶೇ. 2 ಕಡಿಮೆ ಎಂಬಷ್ಟು ವಿವೇಕವೂ ಇದೆ. ಉಳಿದದ್ದು ಮತ್ತೆ ಬೆಲೆಯ ಮೇಲೆ 8, 10, 12.

ಬೆಲೆಯನ್ನೂ ಉದ್ದವನ್ನೂ ಬಿಟ್ಟರೆ ಮೂರನೆಯ ಅಳತೆ ವಯಸ್ಸು. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿ ದೆಹಲಿಯಲ್ಲಿ ಓಡಬಾರದೆಂಬ ಹಸಿರು ಪೀಠದ ಆದೇಶವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ಗಾಡಿಗೆ ಬಂಕಿನಲ್ಲಿ ಇಂಧನವೇ ಇಲ್ಲವೆಂದರು, ಕೆಲವೇ ದಿನಗಳಲ್ಲಿ ಕೈಬಿಟ್ಟರು, ಆಗಸ್ಟಿನಲ್ಲಿ ನ್ಯಾಯಾಲಯವೇ ಸದ್ಯಕ್ಕೆ ಬಲವಂತ ಬೇಡವೆಂದಿತು. ಈ ಗೊಂದಲದಲ್ಲಿ ಎಷ್ಟೋ ಮಂದಿ ನಿರಾಕ್ಷೇಪಣಾ ಪತ್ರ ಪಡೆದು ಹಳೆಯ ಗಾಡಿಗಳನ್ನು ಬೇರೆ ರಾಜ್ಯಕ್ಕೆ ಸಾಗಹಾಕಿದರು. ದೆಹಲಿಯಲ್ಲಿ ವಿಷವಾದ ಹೊಗೆ ಧಾರವಾಡಕ್ಕೆ ಹೋದರೆ ಊದುಬತ್ತಿಯಾಗುತ್ತದೆಯೆ? ಹಾಗೆಯೇ, ತಿಂಗಳಿಗೆರಡು ಸಲ ದೇವಸ್ಥಾನಕ್ಕೆ ಹೋಗಿಬರುವ ನಿವೃತ್ತರ ಕಾರಿಗೂ ದಿನವಿಡೀ ಬಾಡಿಗೆಗೆ ಓಡಿದ ಗಾಡಿಗೂ ಒಂದೇ ಜಾತಕವೆ?

ಹೊಗೆ ಪರೀಕ್ಷೆಯ ಚೀಟಿ ಇದೆಯಲ್ಲ ಎನ್ನುವಿರಿ. ಗಾಡಿ ನಿಂತಲ್ಲೇ ಕೊಳವೆಗೆ ಕಡ್ಡಿ ತೂರಿಸಿ, ಪೆಟ್ರೋಲಿನದಾದರೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ನು, ಡೀಸೆಲಿನದಾದರೆ ಹೊಗೆಯ ಸಾಂದ್ರತೆ ನೋಡಿ ಕೊಡುವ ಚೀಟಿ ಅದು. ಮಕ್ಕಳ ಎದೆ ಸುಡುವ ನೈಟ್ರೋಜನ್ ಆಕ್ಸೈಡಿಗೆ ಅದರಲ್ಲಿ ಜಾಗವಿಲ್ಲ.

ಇಲ್ಲಿ ಎರಡು ಹೊಗೆಗಳನ್ನು ಬೇರ್ಪಡಿಸಬೇಕು. ಇಂಗಾಲದ ಡೈ ಆಕ್ಸೈಡ್ ಭೂಮಿಯನ್ನು ಬಿಸಿಮಾಡುತ್ತದೆ, ಅದರಿಂದ ನಮ್ಮ ಮಕ್ಕಳಿಗೆ ಕೆಮ್ಮು ಬರುವುದಿಲ್ಲ. ಕೆಮ್ಮು ತರುವುದು ಸೂಕ್ಷ್ಮ ಕಣಗಳು, ನೈಟ್ರೋಜನ್ ಆಕ್ಸೈಡುಗಳು. ನಾವು ರಾಜ್ಯೋತ್ಸವ ಆಚರಿಸುವ ನವೆಂಬರ್ ತಿಂಗಳೇ ದೆಹಲಿಯಲ್ಲಿ ಅವುಗಳ ಉತ್ಸವದ ತಿಂಗಳೂ ಹೌದು. 2024ರ ನವೆಂಬರಿನಲ್ಲಿ ಶಾಲೆಗಳನ್ನು ಮುಚ್ಚಿ ಮನೆಯಿಂದ ಪಾಠ ಮಾಡಿಸಿದ್ದು ನೆನಪಿದೆಯಷ್ಟೆ? ಅದಕ್ಕೆ ಕಾರೊಂದೇ ಕಾರಣವಲ್ಲ, ಕೂಳೆ ಸುಡುವುದೂ ಇದೆ, ಧೂಳೂ ಇದೆ. ಆದರೆ ಕಾರು ನಮ್ಮ ಕೈಯಲ್ಲಿರುವ ಭಾಗ.

ಹೊಗೆಯ ಮೇಲೆ ತೆರಿಗೆ ಹಾಕಿದವರು ಇಲ್ಲದಿಲ್ಲ. ಬ್ರಿಟನ್ನಿನಲ್ಲಿ 2001ರ ಮಾರ್ಚ್‌ನಿಂದ ಹೊಸದಾಗಿ ನೋಂದಣಿಯಾದ ಕಾರುಗಳಿಗೆ ವಾರ್ಷಿಕ ತೆರಿಗೆಯನ್ನು ಕಿಲೋಮೀಟರಿಗೆ ಎಷ್ಟು ಗ್ರಾಂ ಎಂಬುದರ ಮೇಲೆ ಹಾಕಿದರು. ಅಲ್ಲಿ ಗಾಲ್ಫ್ ಜಿಟಿಐ ಕೊಳ್ಳಬೇಕೆಂದವನು ಕುದುರೆ ಶಕ್ತಿಯ ಜೊತೆಗೆ ಗ್ರಾಮಿನ ಕಾಲಮ್ಮನ್ನೂ ನೋಡಲೇಬೇಕಾಯಿತು. ಆದರೆ ಅವರೂ ಎಡವಿದರು. ಇಂಗಾಲವೊಂದನ್ನೇ ಎಣಿಸಿದ್ದರಿಂದ ಜನ ಡೀಸೆಲ್ಲಿಗೆ ಮುಗಿಬಿದ್ದರು, ಕಿಲೋಮೀಟರಿಗೆ ಗ್ರಾಂ ಕಡಿಮೆ, ನೈಟ್ರೋಜನ್ ಆಕ್ಸೈಡು ಹೆಚ್ಚು. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಡೀಸೆಲ್ ಪರೀಕ್ಷೆಯನ್ನೇ ವಂಚಿಸಿದ್ದು ಅಮೆರಿಕದಲ್ಲಿ ಬಯಲಾಯಿತು. 2017ರ ಏಪ್ರಿಲಿನಿಂದ ಬ್ರಿಟನ್ನು ಹೊಸ ಕಾರುಗಳಿಗೆ ಗ್ರಾಮಿನ ತೆರಿಗೆಯನ್ನು ಮೊದಲ ವರ್ಷಕ್ಕೆ ಮಾತ್ರ ಉಳಿಸಿಕೊಂಡು ಮುಂದಿನ ವರ್ಷಗಳಿಗೆ ಬಹುಪಾಲು ಒಂದೇ ದರ ಮಾಡಿತು. ಇದರಿಂದ ಹೊಗೆಯನ್ನು ಅಳೆಯಬಾರದೆಂದು ತಿಳಿಯುವುದು ಮೂರ್ಖತನ. ಎರಡು ಹೊಗೆಯನ್ನೂ ಅಳೆಯಬೇಕು, ನಮಗೆ ತಡವಾದದ್ದರ ಲಾಭ ಇಷ್ಟು.

"ಬಡ ಮಧ್ಯಮ ವರ್ಗದವರ ಚಿಕ್ಕ ಕಾರಿಗೆ ಏಟು ಬೀಳುತ್ತದೆ" ಎಂದು ನಮ್ಮ ಸಂಘದ ಹಿರಿಯರೊಬ್ಬರು ಆಕ್ಷೇಪಿಸಿದರು. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿ ಸ್ವಾಮಿ. ಹಗುರವಾದ ಸೆಲೇರಿಯೊ ಗ್ರಾಮಿನ ಲೆಕ್ಕದಲ್ಲೂ ಗೆಲ್ಲುತ್ತದೆ, ಅದಕ್ಕೆ ಟೇಪಿನ ಕೃಪೆ ಬೇಕಿಲ್ಲ. ಏಟು ಬಿದ್ದರೆ ಚಿಕ್ಕ ಕಾರಿನ ವೇಷ ತೊಟ್ಟವರಿಗೆ. ನನ್ನ ಸೋದರಳಿಯನಂಥವರು ಸ್ವಲ್ಪ ಹೆಚ್ಚು ತೆರಬೇಕಾದೀತು. ಮೋಜಿಗೆ ಅಷ್ಟು ತೆರಲಿ, ಸಂಬಳವಿದೆ. "ಹೊಗೆ ಅಳೆಯುವುದು ಕಷ್ಟ, ಟೇಪು ಸುಲಭ" ಎಂಬ ಇನ್ನೊಂದು ಮಾತಿದೆ. ಅದು ಬರೀ ಸೋಮಾರಿಯ ಮಾತು. ಪ್ರತಿ ಮಾದರಿಯ ಗ್ರಾಮಿನ ಲೆಕ್ಕ ಸರ್ಕಾರದ ಕಡತದಲ್ಲಿ ಆಗಲೇ ಇದೆ. 2017ರಿಂದ ಕಂಪನಿಗಳು ತಾವು ಮಾರಿದ ಕಾರುಗಳ ಸರಾಸರಿಯನ್ನು ಸುಮಾರು 130 ಗ್ರಾಮಿನೊಳಗೆ, 2022ರಿಂದ 113ರೊಳಗೆ ಇಡಬೇಕೆಂಬ ನಿಯಮವಿದೆ. ನೈಟ್ರೋಜನ್ ಆಕ್ಸೈಡಿನ ಲೆಕ್ಕವೂ 2020ರ ಏಪ್ರಿಲಿನಲ್ಲಿ ಬಂದ ಭಾರತ್ ಸ್ಟೇಜ್ 6ರ ಪರೀಕ್ಷೆಯಲ್ಲಿ ಸಿಗುತ್ತದೆ. ಕಂಪನಿಯನ್ನು ಕೇಳುವಾಗ ಗ್ರಾಂ, ಕೊಳ್ಳುವವನನ್ನು ಕೇಳುವಾಗ ಮಿಲಿಮೀಟರ್: ಒಂದೇ ಸರ್ಕಾರದ ಎರಡು ಇಲಾಖೆಗಳು ಒಂದರ ಫೈಲನ್ನು ಇನ್ನೊಂದು ಓದುವುದಿಲ್ಲ ಎಂಬುದು ನನಗೆ ಹೊಸ ಸುದ್ದಿಯಲ್ಲ.

ದರ ಬದಲಿಸಬೇಕಾದದ್ದು ಜಿಎಸ್‌ಟಿ ಮಂಡಳಿ, ಅದರಲ್ಲಿ ಕರ್ನಾಟಕಕ್ಕೂ ದೆಹಲಿಗೂ ಒಂದೊಂದು ಕುರ್ಚಿ ಇದೆ. ಅಲ್ಲಿಯವರೆಗೆ ಕಾಯದೆ ಮಾಡಬಹುದಾದ ಕೆಲಸವೊಂದುಂಟು. ನೋಂದಣಿ ಪತ್ರದಲ್ಲಿ ಗಾಡಿಯ ಬಣ್ಣ ಬರೆಯುತ್ತಾರೆ, ಸೀಟು ಎಷ್ಟೆಂದು ಬರೆಯುತ್ತಾರೆ. ಅದೇ ಪತ್ರದಲ್ಲಿ, ಅಂಗಡಿಯ ಬಿಲ್ಲಿನಲ್ಲೂ, ಇಂಗಾಲದ ಗ್ರಾಂ ಇಷ್ಟು, ನೈಟ್ರೋಜನ್ ಆಕ್ಸೈಡಿನ ಮಿಲಿಗ್ರಾಂ ಇಷ್ಟು ಎಂದು ಎರಡು ಸಾಲು ಅಚ್ಚುಹಾಕಿಸಲಿ. ಇದಕ್ಕೆ ಬಜೆಟ್ಟೂ ಬೇಡ, ಮಸೂದೆಯೂ ಬೇಡ, ಒಂದು ಅಧಿಸೂಚನೆ ಸಾಕು.