ಬಸ್ಸಿನಲ್ಲಿ ಹುಡುಗರಿರುವುದಿಲ್ಲವೇ?

‘ಮಗಳು ಎಂಟನೇ ಕ್ಲಾಸಿಗೆ ಬಂದಳೆಂದರೆ ಹೆಣ್ಣುಮಕ್ಕಳ ಶಾಲೆಯೇ ಸೈ’ ಎಂದು ಕಳೆದ ವಾರದ ಲೇಖನ ತೀರ್ಪು ಕೊಟ್ಟಿದೆ. ಬರೆದವರು ಬೈಂದೂರಿನಲ್ಲಿ ಬೆಳಗ್ಗೆ ಬಸ್ ಹತ್ತಿದಂತಿಲ್ಲ. ಹೆಣ್ಣುಮಕ್ಕಳ ಶಾಲೆಯಿರುವ ಉಡುಪಿ ಬ್ರಹ್ಮಾವರದವರಿಗೆ ಹತ್ತಿರ, ಸರಿ. ಬೈಂದೂರಿನಿಂದ ಅದು ಸುಮಾರು 70 ಕಿಲೋಮೀಟರ್. ಜುಲೈ ಮಳೆಯಲ್ಲಿ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ನಿಂತು ನೋಡಲಿ: ನೀರಿಳಿಯುವ ಕೊಡೆ ಕಂಕುಳಲ್ಲಿ, ಬ್ಯಾಗು ಎದೆಗೆ, ಫುಟ್‌ಬೋರ್ಡಿನ ಮೇಲೆ ಒಂದೇ ಕಾಲೂರಿದ ಹುಡುಗಿ. ಅವಳ ಹೆದರಿಕೆ ತರಗತಿಯ ಹುಡುಗನದ್ದಲ್ಲ, ಹಿಂದಿನಿಂದ ಒತ್ತುವ ಗಂಡಸಿನದ್ದು.

ಹುಡುಗರಿಲ್ಲದಿದ್ದರೆ ಫಲಿತಾಂಶ ಚೆನ್ನ ಎಂಬ ಲೇಖನದ ಮಾತೂ ನಿಲ್ಲುವುದಿಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದ ಹುಡುಗಿಯರಲ್ಲಿ ಶೇ. 81.11, ಹುಡುಗರಲ್ಲಿ ಶೇ. 65.90 ಮಂದಿ ಪಾಸು. ಶೇ. 94 ತೆಗೆದು ಮೊದಲು ಬಂದದ್ದು ನಮ್ಮದೇ ಉಡುಪಿ ಜಿಲ್ಲೆ. ಗೆದ್ದ ಹುಡುಗಿಯರಲ್ಲಿ ಬಹುಪಾಲು ಹುಡುಗರ ಜೊತೆಗೇ ಕೂತು ಓದಿದವರು.

ಇನ್ನು ಲೇಖನ ಹೇಳುವ ‘ನೆಮ್ಮದಿ’. ಹಿಜಾಬ್ ವಿವಾದ ಹೊತ್ತಿಕೊಂಡದ್ದು ಉಡುಪಿಯ ಸರಕಾರಿ ಬಾಲಕಿಯರ ಪಿಯು ಕಾಲೇಜಿನಲ್ಲಿ. ಹುಡುಗರಿಲ್ಲದ ಆವರಣ ಬೀದಿಯ ಗದ್ದಲವನ್ನು ಹೊರಗಿಡಲಿಲ್ಲ. 2022ರ ಫೆಬ್ರವರಿಯಲ್ಲಿ ಕುಂದಾಪುರದ ಕಾಲೇಜಿನಲ್ಲೂ ಹಿಜಾಬ್ ತೊಟ್ಟವರಿಗೆ ಗೇಟು ಮುಚ್ಚಿತು.

ಕೆಲವು ಮಕ್ಕಳಿಗೆ ಹೆಣ್ಣುಮಕ್ಕಳ ಶಾಲೆ ಒಗ್ಗುತ್ತದೆ, ತಕರಾರಿಲ್ಲ. ಆದರೆ ಅದನ್ನೇ ಎಲ್ಲ ಅಪ್ಪ-ಅಮ್ಮಂದಿರ ಕರ್ತವ್ಯವೆಂದು ಸಾರುವುದು ಅತಿಯಾಯಿತು. ನೆರೆಮನೆಯ ಅಕ್ಕ ಲೇಖನ ಓದಿ ಕೇಳಿದ್ದು ಇಷ್ಟೇ: “ಹ್ವಾಯ್, ಶಾಲೆ ಇರ್ಲಿ, ಸಂಜಿ ಬಸ್ಸಿಗೆ ಎಂತ ಮಾಡೂದ್?” ಲೇಖಕರು ಮುಂದಿನ ವಾರ ಅದಕ್ಕೆ ಉತ್ತರ ಬರೆಯಲಿ. ಊರಿನ ಶಾಲೆಯ ಶೌಚಾಲಯಕ್ಕೆ ಚಿಲಕ ಹಾಕಿಸುವ ಬಗ್ಗೆಯೂ.