ಬಿತ್ತನೆ ಬೀಜಕ್ಕೂ ಜಲಂಧರ್ ದಾರಿ ಕಾಯಬೇಕೆ?

ಕನ್ನಡಿಗರೇ, ಮುಂಗಾರಿಗೆ ಮುಂಚೆ ಒಮ್ಮೆ ಹಾಸನದ ಎಪಿಎಂಸಿ ಅಂಗಳಕ್ಕೆ ಹೋಗಿ ನೋಡಿ. ಲಾರಿಗಟ್ಟಲೆ ಬಿತ್ತನೆ ಆಲೂಗಡ್ಡೆ ಬಂದಿಳಿದಿರುತ್ತದೆ. ಎಲ್ಲಿಂದ? ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಪಂಜಾಬಿನ ಜಲಂಧರ್‌ನಿಂದ! ನಮ್ಮ ರೈತ ಸಾಲ ಮಾಡಿ ತಂದ ದುಡ್ಡಿನ ದೊಡ್ಡ ಪಾಲು ಆ ಮೂಟೆಗಳಿಗೇ ಹೋಗುತ್ತದೆ.

ಪಂಜಾಬಿನವರನ್ನು ಬೈದು ಫಲವಿಲ್ಲ. ಅಲ್ಲಿನ ಚಳಿಯಲ್ಲಿ ಗಿಡಹೇನು ಕಡಿಮೆ. ಆಲೂಗಡ್ಡೆಗೆ ವೈರಸ್ ಎಂಬ ನಂಜನ್ನು ಹರಡುವುದೇ ಈ ಹೇನು. ನಮ್ಮ ಬೆಚ್ಚನೆ ಹವೆಯಲ್ಲಿ ಅದಕ್ಕೆ ವರ್ಷವಿಡೀ ಹಬ್ಬ! ನಮ್ಮದೇ ಗೆಡ್ಡೆ ಎತ್ತಿಟ್ಟು ಮತ್ತೆ ಮತ್ತೆ ಬಿತ್ತಿದರೆ ನಂಜು ಬೀಜದಲ್ಲೇ ಕೂತು ಇಳುವರಿ ಕುಸಿಯುತ್ತದೆ. ಗೆಡ್ಡೆಯನ್ನು ಎಷ್ಟು ತಿರುಗಿಸಿ ನೋಡಿದರೂ ಗೊತ್ತಾಗದು.

ಇದಕ್ಕೆ ಮದ್ದು ಅಂಗಾಂಶ ಕೃಷಿ. ಮೊಳಕೆಯ ತುತ್ತತುದಿಯ, ಮಿಲಿಮೀಟರಿಗಿಂತ ಚಿಕ್ಕ ಚೂರಿಗೆ ನಂಜು ಸಾಮಾನ್ಯವಾಗಿ ತಲುಪಿರುವುದಿಲ್ಲ. ಅದನ್ನು ಕತ್ತರಿಸಿ, ಗಾಜಿನ ನಳಿಕೆಯಲ್ಲಿ ಪೋಷಕಾಂಶದ ಲೋಳೆಯ ಮೇಲೆ ಬೆಳೆಸಿ, ವೈರಸ್ ಇಲ್ಲವೆಂದು ಪರೀಕ್ಷಿಸಿ, ಗೆಣ್ಣು ಗೆಣ್ಣಾಗಿ ತುಂಡರಿಸಿ ಮತ್ತೆ ಬೆಳೆಸುತ್ತಾರೆ. ಕೆಲವೇ ತಿಂಗಳಲ್ಲಿ ಒಂದು ಸಸಿ ಸಾವಿರವಾಗುತ್ತದೆ. ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ಆಲೂಗಡ್ಡೆಯ ನಂಜನ್ನು ಹೀಗೆ ಕಳೆದದ್ದು 1955ರಲ್ಲಿ. ಎಷ್ಟು ವರ್ಷವಾಯಿತು, ನೀವೇ ಲೆಕ್ಕ ಹಾಕಿ!

ನಮ್ಮಲ್ಲಿ ಏನೂ ಆಗಿಲ್ಲವೆಂದಲ್ಲ. ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯವೂ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವೂ ಸೇರಿ ಹಾಸನದಲ್ಲಿ ಹೊಸ ದಾರಿ ತೋರಿಸಿವೆ. ಪ್ರಯೋಗಾಲಯದಿಂದ ಬಂದ ತಾಯಿ ಸಸಿಯ ಕುಡಿ ಕತ್ತರಿಸಿ, ಬೇರು ಬರಿಸಿ, ರೈತರ ಹೊಲದಲ್ಲೇ ನೆಡುವುದು. ಒಂದೊಂದು ಕುಡಿಗೆ ಹತ್ತಕ್ಕೂ ಹೆಚ್ಚು ಗೆಡ್ಡೆ! ಅದನ್ನು ಒಂದೆರಡು ಬೆಳೆಯಲ್ಲಿ ಹೆಚ್ಚಿಸಿಕೊಂಡರೆ ಬಿತ್ತನೆಗೆ ಸಿದ್ಧ. ಆಮೇಲೆ ಹೊಸ ಸಸಿಯಿಂದ ಮತ್ತೆ ಶುರು. ಈ ಕೆಲಸ ಹಳ್ಳಿಹಳ್ಳಿಗೆ ಯಾಕೆ ಮುಟ್ಟಬಾರದು?

ಒಂದು ಎಚ್ಚರ. ಟಿಶ್ಯೂ ಕಲ್ಚರ್ ಬೀಜಕ್ಕೆ ರೋಗವೇ ಇಲ್ಲ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಅಂಗಮಾರಿ ಮೋಡ, ಮಳೆಯ ಜೊತೆ ಗಾಳಿಯಲ್ಲಿ ಬರುತ್ತದೆ. ತಡೆದುಕೊಳ್ಳುವ ತಳಿಯಲ್ಲದಿದ್ದರೆ, ಹೊತ್ತಿಗೆ ಸರಿಯಾಗಿ ಔಷಧಿ ಹೊಡೆಯದಿದ್ದರೆ, ಶುದ್ಧ ಬೀಜದ ಹೊಲವೂ ಕೆಲವೇ ದಿನದಲ್ಲಿ ಕರಕಲು!

ಬೀಜ ಕೊಳ್ಳುವಾಗ ಚೀಟಿ ಕೇಳಿ. ತಳಿ ಯಾವುದು, ಎಷ್ಟನೇ ತಲೆಮಾರು, ವೈರಸ್ ಪರೀಕ್ಷೆ ಆಗಿದೆಯೇ, ಎಲ್ಲವೂ ಕನ್ನಡದಲ್ಲಿರಲಿ. ಸಾಲ ತೀರಿಸುವವನು ಓದಲಾರದ ಚೀಟಿ ಯಾರಿಗಾಗಿ? ಹಾಗೆಯೇ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಹತ್ತು ಜನ ಕೂಡಿ ಹೋಗಿ, ಬರಹದಲ್ಲೇ ಬೇಡಿಕೆ ಕೊಡಿ: ಕುಡಿ ಬೆಳೆಸಲು ಹೇನು ನುಗ್ಗದ ಬಲೆಮನೆ, ಬೀಜ ಕಾಪಿಡಲು ಶೀತಲಗೃಹ. ಸ್ವೀಕೃತಿ ಪಡೆಯದೆ ಹಿಂತಿರುಗಬೇಡಿ.